ರೊಟ್ಟಿಯ ನಾಮಕರಣ

(ಮಕ್ತಲದ ಒಂದು ಮನೆ. ರಾತ್ರಿ ಊಟದ ಹೊತ್ತು.)

ಗಂಡ: ಏನಿದು?

ಹೆಂಡತಿ: ರೊಟ್ಟಿ ಒಗ್ಗರಣಿ. ಉಳ್ಳಾಗಡ್ಡಿ, ಶೇಂಗಾ ಹಾಕೀನಿ.

ಗಂಡ: ಮುಂಜಾನಿ ಇದನ್ನೇ ಖಡಕ್ ರೊಟ್ಟಿ ಅಂದಿದ್ದಿ.

ಹೆಂಡತಿ: ನಿನ್ನಿ ರಾತ್ರಿ ಬಿಸಿರೊಟ್ಟಿ ಅಂದಿದ್ದೆ.

ಗಂಡ: ಅದೇ ಜ್ವಾಳ, ಹೆಸರಷ್ಟೇ ಬ್ಯಾರೆ!

ಹೆಂಡತಿ: ನಮ್ಮೂರು 1956ರ ತನಕ ಹೈದರಾಬಾದ್ ರಾಜ್ಯದಾಗಿತ್ತು, ಆಮ್ಯಾಲ ಆಂಧ್ರಪ್ರದೇಶ, 2014ರಾಗ ತೆಲಂಗಾಣ. ಜಿಲ್ಲಾ ಮೆಹಬೂಬ್‌ನಗರ ಇದ್ದದ್ದು 2019ರಾಗ ನಾರಾಯಣಪೇಟ ಆತು. ಊರೇನು ಎದ್ದು ಹೋತೇನ್ರೀ? ಆವಾಗ ಒಂದು ದಿನಾರ ‘ಏನಿದು’ ಅಂದ್ರೇನು?

(ಹೆಸರು ಬದಲಿಸೋ ಅಧಿಕಾರ ಇರೋದು ಸರ್ಕಾರಕ್ಕ ಮತ್ತ ಅಡಿಗಿಮನಿಗೆ. ಎರಡೂ ಕಡೆ ತಕರಾರು ಅರ್ಜಿ ಒಲಿಗೇ.)

ಗಂಡ: ಪುಂಡಿಪಲ್ಯನೂ ನಿನ್ನಿದು.

ಹೆಂಡತಿ: ಅದು ಮರುದಿನಕ್ಕೇ ರುಚಿ. ಹೊಸಾದು ಬೇಕಂದ್ರ ಗದ್ವಾಲಕ್ಕ, ನಿಮ್ಮ ತಂಗಿ ಮನಿಗೆ ಹೋಗ್ರಿ.

ಗಂಡ: ಆಕಿ ರಾತ್ರಿ ಅನ್ನಕ್ಕ ಹುಣಸಿಹುಳಿ ಕಲಸಿ, ಪುಳಿಹೋರ ಅಂತ ಬೀಗರಿಗೇ ಬಡಿಸ್ಯಾಳ!

ಹೆಂಡತಿ: ನೀವೂ ಎರಡು ಸಲ ಹಾಕಿಸ್ಕೊಂಡ್ರಿ.

ಗಂಡ: ಅದು… ಮರ್ಯಾದಿಗೆ. ನಾಳಿಗೇನು ಮಾಡ್ತಿ?

ಹೆಂಡತಿ: ಈಗ ನೀವೆಷ್ಟು ಉಳಸ್ತೀರೋ ನೋಡಿ ಹೆಸರಿಡ್ತೀನಿ.