ಒಂದು ತಾಸಿನ ತೋಳ

ಐವತ್ನಾಲ್ಕನೇ ವಯಸ್ಸಿನಲ್ಲಿ ನಾನು ತೋಳನಾದೆ. ಒಂದೇ ತಾಸಿನ ಮಟ್ಟಿಗೆ. ಆದರೆ ಸೇಡಂ ರಸ್ತೆಯ ನಮ್ಮ ಬಡಾವಣೆಯಲ್ಲಿ ಆ ಸುದ್ದಿ ಇನ್ನೂ ಓಡಾಡುತ್ತಿದೆ. ಜನರ ಬಾಯಲ್ಲಿ ತೋಳ ಕತ್ತೆಯಾಗುವ ಮೊದಲು ನಾನೇ ಹೇಳಿಬಿಡುವುದು ಒಳ್ಳೆಯದು.

ತಪ್ಪು ಅಣ್ಣನ ಮಗನದು. ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುವ ಹುಡುಗ ಮೇ ತಿಂಗಳ ರಜೆ ಕಳೆಯಲು ಕಲಬುರಗಿಗೆ ಬಂದ. ಮೇ ತಿಂಗಳಲ್ಲಿ ಬಯಸಿ ಬಯಸಿ ಕಲಬುರಗಿಗೆ ಬರುವವನ ಬುದ್ಧಿಯ ಮೇಲೆ ನನಗೆ ಆಗಲೇ ಸಂಶಯ ಬರಬೇಕಿತ್ತು. ಚೀಲದಿಂದ ಬಟ್ಟೆಗಿಂತ ಮೊದಲು ಹೊರಬಿದ್ದದ್ದು ಒಂದು ದಪ್ಪ ಪುಸ್ತಕ ಮತ್ತು ಏಳು ದಾಳ. ನಾಲ್ಕು ಮುಖದ್ದರಿಂದ ಹಿಡಿದು ಇಪ್ಪತ್ತು ಮುಖದ್ದರವರೆಗೆ. ಶಕುನಿ ನೋಡಿದ್ದರೆ ಅತ್ತುಬಿಡುತ್ತಿದ್ದ.

ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು ಹುಟ್ಟುಹಾಕಿದ್ದು. ಇವನ ಕೈಯಲ್ಲಿದ್ದದ್ದು 2014ರ ಐದನೇ ಆವೃತ್ತಿ. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಪಾತ್ರಗಳಾಗಿ ಅದರೊಳಗೆ ತಿರುಗುತ್ತಾರೆ, ಬದುಕಿದರೋ ಸತ್ತರೋ ಎಂಬುದನ್ನು ದಾಳ ಹೇಳುತ್ತದೆ. ಬಯಲಾಟಕ್ಕೂ ಪಗಡೆಗೂ ಗಂಟು ಹಾಕಿದ ಹಾಗೆ.

ನನಗೆ ಹುಚ್ಚು ಹಿಡಿಸಿದ್ದು ಅದರಲ್ಲಿನ ತಾತ್ಕಾಲಿಕ ಅವತಾರಗಳು. ಬಾರ್ಬೇರಿಯನ್ ಎಂಬ ಕಾಡುವೀರನಿಗೆ ಸಿಟ್ಟು ಬಂದರೆ ಒಂದು ನಿಮಿಷ ಅವನ ಬಲವೇ ಬೇರೆ. ಆದರೆ ಯಾರಿಗೂ ಹೊಡೆಯದೆ, ಯಾರಿಂದಲೂ ಹೊಡೆಸಿಕೊಳ್ಳದೆ ಒಂದು ಸುತ್ತು ಕಳೆದರೆ ಸಿಟ್ಟು ಇಳಿದುಹೋಗುತ್ತದೆ. ನಮ್ಮ ಓಣಿಯ ಜಗಳಗಳೂ ಇದೇ ಕಾಯ್ದೆಯ ಪ್ರಕಾರ ನಡೆಯುವುದು. ‘ಹೇಸ್ಟ್’ ಅಂತ ಇನ್ನೊಂದು ಮಂತ್ರ: ವೇಗ ಇಮ್ಮಡಿಯಾಗುತ್ತದೆ, ಮಂತ್ರ ಇಳಿದ ಮೇಲೆ ಒಂದು ಪಾಳಿ ಕೈಕಾಲು ಆಡದೆ ಬಿದ್ದಿರಬೇಕು. ಪುಂಡಿಪಲ್ಯದ ಜೊತೆ ಮೂರು ಜೋಳದ ರೊಟ್ಟಿ ಉಂಡ ಮೇಲೆ ನಾನು ದಿನವೂ ಈ ಮಂತ್ರದ ಎರಡನೇ ಭಾಗವನ್ನಷ್ಟೇ ಅನುಭವಿಸುತ್ತೇನೆ.

ಅದೇ ವಾರ ಬೀಗರು ಕಮಲಾಪುರದಿಂದ ಒಂದು ಡಜನ್ ಕೆಂಪು ಬಾಳೆಹಣ್ಣು ತಂದಿದ್ದರು. ಜಿಐ ಟ್ಯಾಗ್ ಇರುವ, ಮರ್ಯಾದಸ್ಥ ಹಣ್ಣು. ಹುಡುಗ ಅದನ್ನೂ ಬಿಡಲಿಲ್ಲ. ಒಂದು ತಿಂದರೆ ಆಟದಲ್ಲಿ ಒಂದು ನಿಮಿಷ ದೇಹ ಎಲ್ಲ ದಿಕ್ಕಿಗೂ ಇಮ್ಮಡಿ, ತೂಕ ಎಂಟು ಪಟ್ಟು ಎಂದು ಸಾರಿದ. ನನ್ನ 82 ಕಿಲೋಗೆ ಲೆಕ್ಕ ಹಾಕಿದರೆ 656. ಮಾಳಿಗೆಯ ಸ್ಲ್ಯಾಬ್ ಮೇಲೆ ಕೂತು ಇಂಥ ಲೆಕ್ಕ ಮಾಡಬಾರದು. ಆದರೂ ಬಲ ಬೇಕಲ್ಲ ಎಂದು ಮೂರು ತಿಂದೆ. ಒಂದರ ಮೇಲೊಂದು ತಿಂದರೆ ಪರಿಣಾಮ ಕೂಡುವುದಿಲ್ಲ ಎಂಬ ನಿಯಮವನ್ನು ಅವನು ಆಮೇಲೆ ಓದಿದ. ಹೊಟ್ಟೆಗೆ ಆ ನಿಯಮ ಗೊತ್ತಿರಲಿಲ್ಲ.

ನನ್ನ ಪಾತ್ರ ಡ್ರೂಯಿಡ್. ಕಾಡಿನ ಮಾಂತ್ರಿಕ, ಬೇಕಾದಾಗ ಪ್ರಾಣಿಯಾಗಬಲ್ಲವ. ಕಣ್ಣಾರೆ ಕಂಡ ಪ್ರಾಣಿಯೇ ಆಗಬೇಕು. ನಾನಿದ್ದದ್ದು ಎರಡನೇ ಹಂತದಲ್ಲಿ, ಹಾಗಾಗಿ ಒಂದು ತಾಸು ಮಾತ್ರ.

“ಹಂಗಾದ್ರ ಹುಲಿ ಆಗ್ತೀನಿ,” ಅಂದೆ.

“ಹುಲಿ ಆಗ್ಲಿಕ್ಕ ಎಂಟನೇ ಹಂತ ಬೇಕು ಕಾಕಾ. ಸದ್ಯ ತೋಳ ಆಗು.”

ಕಥೆ ನಡೆಯುತ್ತಿದ್ದದ್ದು ನಮ್ಮ ರಸ್ತೆಯಲ್ಲೇ ಮುಂದೆ ಸಿಗುವ ಮಳಖೇಡದಲ್ಲಿ. ರಾಷ್ಟ್ರಕೂಟರ ಮಾನ್ಯಖೇಟ, ಅಮೋಘವರ್ಷ ನೃಪತುಂಗ ಆಳಿದ ಊರು. ಜೋರು ಮಳೆಯಾದರೆ ಮುಳುಗಿ ಸೇಡಂ ರಸ್ತೆಯನ್ನೇ ಬಂದ್ ಮಾಡುವ ಕಾಗಿಣಾ ಸೇತುವೆಯ ಕೆಳಗೆ ಗಾಬ್ಲಿನ್ ಎಂಬ ಕುಳ್ಳ ಪುಂಡರು ಅಡಗಿದ್ದರು. ಮೂಗು ಚುರುಕಾದ ತೋಳನಾದ ನನಗೆ ವಾಸನೆ ಬಡಿಯಿತು. ಹುಡುಗನ ಗೆಳೆಯರಿಬ್ಬರು, ಒಬ್ಬ ಖಡ್ಗಧಾರಿ, ಇನ್ನೊಬ್ಬ ಮಂತ್ರವಾದಿ, ಸೇತುವೆಯ ಮೇಲೆ ಕಾಲಿಡುವುದರಲ್ಲಿದ್ದರು.

“ಏ ನಿಂದರ್ರೋ!” ಎಂದೆ.

“ಕಾಕಾ, ತೋಳ ಮಾತಾಡಂಗಿಲ್ಲ.”

ಬುದ್ಧಿ ನನ್ನದೇ ಇರುತ್ತದಂತೆ, ಬಾಯಿ ಮಾತ್ರ ತೋಳನದು. ಸರಿ, ಮಾಡಿ ತೋರಿಸೋಣವೆಂದು ಮಾಳಿಗೆಯ ಮೇಲೆ ನಾಲ್ಕು ಕಾಲಲ್ಲಿ ನಿಂತೆ. ಲುಂಗಿ ಎತ್ತಿ ಕಟ್ಟಿದ್ದೆ. ಹಗಲೆಲ್ಲ ಕಾದ ಸ್ಲ್ಯಾಬು ರಾತ್ರಿ ಒಂಬತ್ತಕ್ಕೂ ಅಂಗೈ ಸುಡುತ್ತಿತ್ತು. ಒಮ್ಮೆ ಗಾಬ್ಲಿನ್‌ಗಳಿರುವ ಕಡೆ ಮೂತಿ ಚಾಚಿದೆ, ಒಮ್ಮೆ ಮುಂಗಾಲಿನಿಂದ ನೆಲ ಕೆರೆದೆ. ಆಗಲೇ ಕರೆಂಟು ಹೋಯಿತು. ಎದುರು ಮಾಳಿಗೆಯಲ್ಲಿ ಗಾಳಿಗೆ ಕೂತಿದ್ದ ನಿವೃತ್ತ ಸಾಹೇಬರು ಬ್ಯಾಟರಿ ಹಚ್ಚಿದರು. ಬೆಳಕು ನೇರ ನನ್ನ ಮೇಲೆ ಬಿತ್ತು.

“ಯಾಕ್ರೀ ಸರ್, ಏನರೆ ಕಳದದೇನ್ರಿ?”

ಉತ್ತರಿಸಲು ಬಾಯಿ ತೆರೆದೆ. ಹುಡುಗ ಪಿಸುಗುಟ್ಟಿದ: “ನೀ ಇನ್ನೂ ತೋಳ ಇದ್ದಿ.”

ಮೊದಲೇ ಮನುಷ್ಯನಾಗಲು ದಾರಿಯಿದೆ, ಆದರೆ ನನ್ನ ಪಾಳಿ ಬಂದಾಗ ಮಾತ್ರ. ಪಾಳಿ ಮಂತ್ರವಾದಿಯದಿತ್ತು. ಆ ಪುಣ್ಯಾತ್ಮ ಮೊಬೈಲ್ ಬೆಳಕಿನಲ್ಲಿ ತನ್ನ ಮಂತ್ರಗಳನ್ನು ಮೊದಲ ಸಲ ಓದುತ್ತಿರುವವನಂತೆ ಓದುತ್ತಿದ್ದ. ಬಾಳೆಹಣ್ಣು ಸುಲಿಯುತ್ತ ಓದುತ್ತಿದ್ದ. ಆಟದಲ್ಲಿ ಒಂದು ಸುತ್ತೆಂದರೆ ಆರು ಸೆಕೆಂಡು. ನಮಗೆ ಹಿಡಿಯುತ್ತಿದ್ದದ್ದು ಹತ್ತು ನಿಮಿಷ. ತಾಸಿಗೆ ಆರುನೂರು ಸುತ್ತು, ಅಂದರೆ ಆರು ಸಾವಿರ ನಿಮಿಷ. ನಿಯಮದ ಪ್ರಕಾರ ನಾನು ಇದೇ ಭಂಗಿಯಲ್ಲಿ ನಾಲ್ಕು ದಿನ ನಾಲ್ಕು ತಾಸು ಇರಬಹುದಿತ್ತು. ಬುದ್ಧಿ ನನ್ನದೇ ಉಳಿದಿತ್ತಲ್ಲ, ಅದಕ್ಕೇ ಈ ಲೆಕ್ಕ ಸಾಧ್ಯವಾಯಿತು.

“ಉಂಗುರೇನ್ರಿ?” ಬೆಳಕು ನನ್ನ ಸುತ್ತ ನೆಲ ಹುಡುಕಿತು. ತೋಳನಿಗೆ ಒಪ್ಪುವಷ್ಟು ತಲೆ ಅಲ್ಲಾಡಿಸಿದೆ. “ಸೊಂಟ ಹಿಡದದೇನ್ರಿ? ಅಲ್ಲಾಡಬ್ಯಾಡ್ರಿ, ಹಂಗೇ ಇರ್ರಿ!” ಹಂಗೇ ಇದ್ದೆ. ಬೇರೇನು ಮಾಡಲಿ? “ಮನಿಯವರಿಗೆ ಹೇಳ್ಲೇನ್ರಿ?”

ಮನೆಯವರಿಗೆ ಎಂದ ಕೂಡಲೇ ನನ್ನೊಳಗಿನ ತೋಳ ಬೆದರಿತು. ಕತ್ತು ಮೇಲೆತ್ತಿ ಊಳಿಟ್ಟುಬಿಟ್ಟೆ. ಚೆನ್ನಾಗಿಯೇ ಬಂತೆಂದು ಹೇಳಬೇಕು. ಓಣಿಯ ನಾಯಿಗಳು ಒಂದೊಂದಾಗಿ ಶ್ರುತಿ ಕೂಡಿಸಿದವು. ಬ್ಯಾಟರಿ ಆರಿತು. ಕೆಳಗಿನಿಂದ ಹೆಂಡತಿಯ ದನಿ, ಸ್ವಲ್ಪವೂ ಗಾಬರಿಯಿಲ್ಲದೆ: “ಸಾಹೇಬ್ರ, ನೀವು ಮಕ್ಕೋರಿ. ಅವರದು ದಿನಾ ಇದೇ ಹಾಡು.”

ಇಷ್ಟಾದರೂ ಖಡ್ಗಧಾರಿ ಸೇತುವೆ ಹತ್ತಿದ, ಗಾಬ್ಲಿನ್‌ಗಳ ಕೈಗೆ ಸಿಕ್ಕಿಬಿದ್ದ. ಮರುದಿನ ವಿಶ್ವವಿದ್ಯಾಲಯದ ಆವರಣದಲ್ಲಿ ವಾಕಿಂಗ್ ಹೊರಟಾಗ ಸಾಹೇಬರು ಮೂರು ಮಾರು ದೂರದಲ್ಲಿ ನಿಂತು, “ಈಗ ಹೆಂಗದ್ರಿ? ಇಎಸ್‌ಐ ದವಾಖಾನಿ ನಮ್ಮ ರಸ್ತೆದಾಗೇ ಅದ,” ಎಂದರು. ಸಹಾಯ ಮಾಡುವವರ ಮೇಲೆ ಇಷ್ಟು ಸಿಟ್ಟು ಬರಬಾರದು. ಬಂತು. ಯಾರಿಗೂ ಹೊಡೆಯಲಿಲ್ಲವಾದ್ದರಿಂದ ಇಳಿಯಿತು.

ಸಂಜೆ ಹುಡುಗನೊಂದಿಗೆ ಜಗಳ ತೆಗೆದೆ. “ಎಂಟನೇ ಹಂತ ಅಂತೀಯಲ್ಲ, ನಾನು ಎಂಟನೇ ವರ್ಷಕ್ಕೇ ಹುಲಿ ಆಗಿದ್ದೆ.”

ಕಮಲಾಪುರದ ಹತ್ತಿರದ ನಮ್ಮೂರಲ್ಲಿ ನನಗೆ ಟೈಫಾಯ್ಡ್ ಬಂದಾಗ ಅವ್ವ ಅಲಾಯಿ ದೇವರಿಗೆ ಹರಕೆ ಹೊತ್ತಿದ್ದಳು: ಹುಡುಗ ಉಳಿದರೆ ಮೊಹರಂನಲ್ಲಿ ಹುಲಿವೇಷ ಹಾಕಿಸುತ್ತೇನೆ. ಯಾರ ದೇವರು ಯಾರದು ಎಂದು ಆಗ ಯಾರೂ ಕೇಳುತ್ತಿರಲಿಲ್ಲ. ಮೈಗೆಲ್ಲ ಹಳದಿ ಬಣ್ಣ, ಕಪ್ಪು ಪಟ್ಟೆ. ಬಣ್ಣ ಬಿಗಿದು ಚರ್ಮ ಎಳೆಯುತ್ತಿತ್ತು. ವೇಷದಲ್ಲಿದ್ದಾಗ ಮಾತಾಡಬೇಡ ಎಂದು ಅವ್ವ ತಾಕೀತು ಮಾಡಿದ್ದಳು. ಹಲಿಗೆಯ ಹಿಂದೆ ಊರೆಲ್ಲ ಕುಣಿದೆ. ಗಂಟಲು ಒಣಗಿತು. ಕೇಳುವಂತಿರಲಿಲ್ಲ. ಜ್ವರದಿಂದೆದ್ದ ಕಡ್ಡಿಕಾಲಿನ ಹುಲಿಯ ಹಿಂದೆ ಅವ್ವ ಬರಿಗಾಲಲ್ಲಿ ತಂಬಿಗೆ ಹಿಡಿದು ನಡೆಯುತ್ತಿದ್ದಳು. ನಾನು ತಿರುಗಿ ನೋಡಿದರೆ ಸಾಕು, ನೀರು. ಏನು ಕಳೆದಿದೆ ಎಂದು ಅವಳು ಒಮ್ಮೆಯೂ ಕೇಳಲಿಲ್ಲ.

ರಾತ್ರಿ ಚಿಮಣಿ ಎಣ್ಣೆ ಹಚ್ಚಿ ಬಣ್ಣ ತೆಗೆದಳು. ಬಲಗಿವಿಯ ಹಿಂದಿನ ಒಂದು ಪಟ್ಟೆಯನ್ನು ತೆಗೆಯಗೊಡಲಿಲ್ಲ. ವಾರಪೂರ್ತಿ ಅದು ಹಾಗೇ ಇತ್ತು.

ಹುಡುಗ ಸ್ವಲ್ಪ ಹೊತ್ತು ದಾಳ ಉರುಳಿಸುತ್ತ ಕೂತ. ಆಮೇಲೆ ನನ್ನ ಪಾತ್ರದ ಹಾಳೆ ಎಳೆದುಕೊಂಡು ಅಂಚಿನಲ್ಲಿ ಪೆನ್ಸಿಲಿನಿಂದ ಏನೋ ಗೀಚಿದ. ಚಾಳೀಸು ಹಾಕಿಕೊಂಡು ಓದಿದೆ: ‘ಹುಲಿ: ಮೊದಲೇ ಆಗಿದ್ದಾರೆ.’

ಶನಿವಾರ ಮತ್ತೆ ಆಟವಿದೆ. ಎದುರು ಮಾಳಿಗೆಯ ಸಾಹೇಬರಿಗೆ ಈ ಸಲ ಮೊದಲೇ ತಿಳಿಸಬೇಕು. ಬರುವುದಾದರೆ ಒಂದು ತಂಬಿಗೆ ನೀರು ತರಲಿ.