ವಿಧಾನಸೌಧಕ್ಕೆ ಎರಡು ಸೂರ್ಯ

ಕಟ್ಟಡದ ಫೋಟೊ ಸುಲಭ ಅನ್ನುವುದಕ್ಕೆ ನಿವೃತ್ತ ಗಣಿತದ ಮೇಷ್ಟ್ರ ಬಳಿ ಬಲವಾದ ಕಾರಣಗಳಿದ್ದವು. ಅದು ಅಲುಗಾಡುವುದಿಲ್ಲ, ಕ್ಲಿಕ್ಕಿಸುವ ಹೊತ್ತಿಗೆ ಸರಿಯಾಗಿ ಕಣ್ಣು ಮುಚ್ಚುವುದಿಲ್ಲ, ‘ಇದ್ರಲ್ಲಿ ದಪ್ಪ ಕಾಣ್ತೀನಿ, ಇನ್ನೊಂದು ತೆಗೀರಿ’ ಎಂದು ಪೀಡಿಸುವುದಿಲ್ಲ. ಆ ಕೆಲಸವನ್ನೆಲ್ಲ ಕಟ್ಟಡದ ಮಾಲೀಕರು ವಹಿಸಿಕೊಂಡಿರುತ್ತಾರೆ ಎಂಬುದು ಆಮೇಲೆ ಗೊತ್ತಾಯಿತು.

ಕಂಟ್ರಾಕ್ಟರ್ ಆಗಿರುವ ಅಕ್ಕನ ಮಗ ಒಂದು ದಿನ ಪೆನ್‌ಡ್ರೈವ್ ಹಿಡಿದು ಬಂದ. “ಮಾವ, ಹೇಗೂ ಬಿಡುವಾಗಿದ್ದೀರಿ. ನಾನು ಕಟ್ಟಿಸಿದ ಮನೆಗಳ ಫೋಟೊ ಇವೆ, ಸ್ವಲ್ಪ ನೀಟ್ ಮಾಡ್ಕೊಡಿ” ಎಂದ. ಮೇಷ್ಟ್ರು ಫೋಟೊಶಾಪ್, ಲೈಟ್‌ರೂಮ್ ಕಲಿಯಲು ಕೂತರು.

ಮೊದಲ ಪಾಠ, ಗೋಡೆ ನೆಟ್ಟಗೆ ಮಾಡುವುದು. ಬೀದಿಯಲ್ಲಿ ನಿಂತು, ಇಡೀ ಮನೆ ಹಿಡಿಸಲೆಂದು ಕ್ಯಾಮೆರಾ ಮೇಲಕ್ಕೆತ್ತಿದ ಕೂಡಲೇ ಗೋಡೆಗಳು ಮೇಲೆ ಹೋದಂತೆ ಒಂದನ್ನೊಂದು ಸಮೀಪಿಸುತ್ತವೆ. ಕ್ಯಾಮೆರಾದ ಬೆನ್ನು ಗೋಡೆಗೆ ಸಮಾನಾಂತರವಾಗಿದ್ದರೆ ಈ ರಗಳೆ ಇಲ್ಲ. ಅದಕ್ಕೆಂದೇ ನಿಕಾನ್ ಕಂಪನಿ 1960ರ ದಶಕದ ಆರಂಭದಲ್ಲೇ ಶಿಫ್ಟ್ ಲೆನ್ಸ್ ತಂದಿತ್ತು. ಅದರಲ್ಲಿ ಕ್ಯಾಮೆರಾವನ್ನು ನೆಟ್ಟಗೇ ಇಟ್ಟು ಲೆನ್ಸನ್ನಷ್ಟೇ ಮೇಲೆ ಸರಿಸಬಹುದು. ಈಗ ಲೈಟ್‌ರೂಮಿನ ಒಂದು ಗುಂಡಿ ಒತ್ತಿದರೆ ಸಾಕು, ಗೋಡೆ ಅಟೆನ್ಷನ್‌ಗೆ ಬಂದು ನಿಲ್ಲುತ್ತದೆ.

ಗುಂಡಿಯನ್ನು ಪೂರ್ತಿ ನಂಬಿದರೆ ಬೇರೆ ತಕರಾರು. ಚಿತ್ರದ ಮೇಲ್ಭಾಗವನ್ನು ಹಿಗ್ಗಿಸಿದಾಗ ಅಂಚು ಕತ್ತರಿಸಿಹೋಗುತ್ತದೆ. ಒಂದು ಮನೆಯ ಗೇಟಿನ ಕಂಬ ಹೀಗೆಯೇ ಫೋಟೊದಿಂದ ಆಚೆ ನಡೆಯಿತು. ಎತ್ತರದ ಅಪಾರ್ಟ್‌ಮೆಂಟಿನ ಗೋಡೆಗಳನ್ನು ಕರಾರುವಾಕ್ಕಾಗಿ ಲಂಬ ಮಾಡಿದರೆ ತಲೆಭಾರವಾಗಿ, ಈಗಲೋ ಆಗಲೋ ಮುಂದಕ್ಕೆ ಬೀಳುವಂತೆ ಕಾಣುತ್ತದೆ. ತಲೆಯೆತ್ತಿ ನೋಡುವ ಕಣ್ಣಿಗೆ ಕೊಂಚ ಓರೆ ಅಭ್ಯಾಸವಾಗಿಬಿಟ್ಟಿದೆ. ಹಾಗಾಗಿ ಪಳಗಿದವರು ಒಂದಿಷ್ಟು ಓರೆ ಉಳಿಸುತ್ತಾರೆ. ಮೂವತ್ತು ಚಿಲ್ಲರೆ ವರ್ಷ ಲಂಬಕೋನಕ್ಕೆ ತೊಂಬತ್ತು ಡಿಗ್ರಿಯನ್ನೇ ಕಲಿಸಿದ ಮೇಷ್ಟ್ರಿಗೆ ಇದು ಜೀರ್ಣವಾಗಲಿಲ್ಲ. “ಲಂಬದಲ್ಲಿ ರಿಯಾಯಿತಿ ಎಂಥದ್ದು?” ಎಂದು ಕಂಪ್ಯೂಟರನ್ನೇ ಗದರಿದರು.

ಎರಡನೆಯ ಪಾಠ, ಅಳಿಸುವುದು. ನಮ್ಮೂರುಗಳಲ್ಲಿ ಮನೆಯನ್ನು ಮನೆಯಾಗಿ ನೋಡಲು ಬಿಡುವವರಾರು? ಕರೆಂಟಿನ ತಂತಿ, ಸುರುಳಿ ಸುತ್ತಿ ನೇತುಬಿಟ್ಟ ಕೇಬಲ್, ಡಿಶ್, ಟ್ಯೂಷನ್ನಿನ ಬೋರ್ಡು, ಒಣಗಲು ಹಾಕಿದ ಲುಂಗಿ. ಕ್ಲೋನ್ ಸ್ಟಾಂಪ್ ಎಂಬ ಸಾಧನ ಒಂದು ಕಡೆಯ ಚಿತ್ರವನ್ನು ಎತ್ತಿ ಇನ್ನೊಂದು ಕಡೆ ಮೆತ್ತುತ್ತದೆ. ಆಕಾಶದಿಂದ ಆಕಾಶ ಎತ್ತಿ ತಂತಿಯ ಮೇಲೆ ಬಳಿದರೆ ತಂತಿ ಮಾಯ. ಎತ್ತುವ ಜಾಗದಲ್ಲಿ ಏನಿದೆ ಎಂದು ನೋಡದಿದ್ದರೆ ಮಾತ್ರ ಫಜೀತಿ: ಪ್ಯಾರಪೆಟ್ಟಿನ ಮೇಲೆ ಕೂತಿದ್ದ ಒಂದೇ ಕಾಗೆ ಮೂರಾಯಿತು. ಮೂರೂ ಒಂದೇ ದಿಕ್ಕಿಗೆ ಕತ್ತು ಕೊಂಕಿಸಿದ್ದವು.

“ರೀ, ಯಾರದೋ ಶ್ರಾದ್ಧ ಇರಬೇಕು” ಎಂದರು ಮೇಷ್ಟ್ರ ಹೆಂಡತಿ, ಕಾಫಿ ಲೋಟ ಇಡುತ್ತ.

ಮೂರನೆಯದು ಆಕಾಶ. ಇದು ಕಂಪ್ಯೂಟರು ಕಲಿಸಿದ ಚಾಳಿಯಲ್ಲ. ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿ ಲಿನಿಯಸ್ ಟ್ರೈಪ್ 1854ರಲ್ಲಿ ಹಳೇಬೀಡು, ಬೇಲೂರುಗಳಿಗೆ ಬಂದು ದೇವಾಲಯಗಳ ಫೋಟೊ ತೆಗೆದವನು. ಆ ಕಾಲದ ನೆಗೆಟಿವ್‌ಗೆ ನೀಲಿಯೆಂದರೆ ಅತಿ ಸೂಕ್ಷ್ಮ. ಕಲ್ಲಿನ ಕುಸುರಿ ಮೂಡುವಷ್ಟರಲ್ಲಿ ಆಕಾಶ ಬೆಳ್ಳಗೆ ಬೋಳಾಗುತ್ತಿತ್ತು. ಟ್ರೈಪ್ ತನ್ನ ಎಷ್ಟೋ ಕಾಗದದ ನೆಗೆಟಿವ್‌ಗಳ ಮೇಲೆ ಬಣ್ಣ ಹಚ್ಚಿ ಕೈಯಾರೆ ಮೋಡ ಮೂಡಿಸಿದ. ಅಷ್ಟು ತಾಳ್ಮೆ ಈಗ ಬೇಕಿಲ್ಲ. 2020ರಲ್ಲಿ ಫೋಟೊಶಾಪಿಗೆ ಆಕಾಶ ಬದಲಿಸುವ ಸೌಲಭ್ಯವೇ ಬಂತು. ಮೋಡ, ಮುಸ್ಸಂಜೆ, ಯಾವುದು ಬೇಕೋ ಆರಿಸಿಕೊಳ್ಳಬಹುದು.

ಮೇಷ್ಟ್ರು ಮುಸ್ಸಂಜೆ ಆರಿಸಿ, ವಿಧಾನಸೌಧದ ಹಿಂದೆ ಅಂಟಿಸಿದರು. ಗುಮ್ಮಟದ ಬೆನ್ನಿಗೆ ಕೇಸರಿ ಓಕುಳಿ. ಮುಂದೆ ಮೆಟ್ಟಿಲು, ನಲವತ್ತು ಅಡಿಯ ಹನ್ನೆರಡು ಗ್ರಾನೈಟ್ ಕಂಬ, ಎಲ್ಲದರ ಮೇಲೂ ಹೊಂಬಿಸಿಲು. ನೆಂಟರ ವಾಟ್ಸಾಪ್ ಗುಂಪಿನಲ್ಲಿ ಚಪ್ಪಾಳೆಯೋ ಚಪ್ಪಾಳೆ. ಏಳನೇ ಕ್ಲಾಸಿನ ಮೊಮ್ಮಗಳು ಮಾತ್ರ ಕೇಳಿದಳು: “ತಾತ, ವಿಧಾನಸೌಧದ ಮುಂಭಾಗ ಪೂರ್ವಕ್ಕಲ್ವಾ? ಕಂಬಕ್ಕೆ ಬಿಸಿಲು ಬಿದ್ದಿದೆ ಅಂದ್ರೆ ಬೆಳಗ್ಗೆ. ಹಿಂದೆ ಸೂರ್ಯ ಮುಳುಗ್ತಿದೆ ಅಂದ್ರೆ ಸಾಯಂಕಾಲ. ಎಷ್ಟು ಸೂರ್ಯ ಇದಾವೆ?” 1956ರಲ್ಲಿ ಕಟ್ಟಿ ಮುಗಿಸಿದ ಸೌಧ ಇಂಥ ಪ್ರಶ್ನೆಯನ್ನು ಅಧಿವೇಶನದಲ್ಲೂ ಎದುರಿಸಿರಲಾರದು.

ಅಲ್ಲಿಂದಾಚೆ ಮೇಷ್ಟ್ರು ಮೊದಲು ನೆರಳು ನೋಡುತ್ತಾರೆ, ಆಮೇಲೆ ಆಕಾಶ. ಒಳಾಂಗಣದ ಚಿತ್ರಕ್ಕೆ ಕಿಟಕಿಗೊಂದು, ಕೋಣೆಗೊಂದು ಎಂದು ಬೇರೆ ಬೇರೆ ಎಕ್ಸ್‌ಪೋಷರ್ ತೆಗೆಸಿ ಬೆರೆಸುತ್ತಾರೆ. ಟ್ಯೂಬ್‌ಲೈಟಿನ ಹಸಿರು ಛಾಯೆಯನ್ನೂ ಬಲ್ಬಿನ ಹಳದಿಯನ್ನೂ ಬೇರೆ ಬೇರೆಯಾಗಿ ತಿದ್ದುತ್ತಾರೆ. ವಾಕಿಂಗ್ ಹೋದಾಗ ತಂತಿ ಕಂಡರೆ ಬೆರಳು ತಾನಾಗಿ ಆಡುತ್ತದೆ.

ಹೋದ ವಾರ ಹೊಸ ಮನೆಯೊಂದರ ಫೋಟೊ ಮುಗಿಸಿ ಕಳಿಸಿದರು. ತಂತಿಯಿಲ್ಲ, ಟ್ರಾನ್ಸ್‌ಫಾರ್ಮರಿಲ್ಲ, ಮೂರು ಕಾಗೆಯಿಲ್ಲ, ಗೋಡೆ ಬೇಕಾದಷ್ಟೇ ನೆಟ್ಟಗೆ. ಅರ್ಧ ಗಂಟೆಯಲ್ಲಿ ಅಳಿಯನ ಫೋನು.

“ಮಾವ, ದೃಷ್ಟಿಗೊಂಬೆ ಎಲ್ಲಿ?”

“ನಾಲಿಗೆ ಚಾಚಿಕೊಂಡು ಮಧ್ಯದಲ್ಲಿ ನಿಂತಿತ್ತಲ್ಲ, ಅದಾ? ತೆಗೆದೆ.”

“ಅಯ್ಯೋ, ಓನರಮ್ಮ ಗಲಾಟೆ ಮಾಡ್ತಿದಾರೆ. ಮನೆಯನ್ನ ಬೀದಿಯವರಷ್ಟೇ ನೋಡ್ತಾರೆ, ಫೋಟೊನ ಊರೆಲ್ಲ ನೋಡುತ್ತೆ, ಅದಕ್ಕೇ ಗೊಂಬೆ ಇಲ್ದಿದ್ರೆ ಹೇಗೆ ಅಂತ.”

ಮೇಷ್ಟ್ರು ಹಳೆಯ ಫೈಲು ತೆರೆದು ಗೊಂಬೆಯನ್ನು ಮರಳಿ ಕೂರಿಸಿದರು. ನೆರಳು ಬೀಳುವ ದಿಕ್ಕನ್ನೂ ಸರಿನೋಡಿ ಕಳಿಸಿದರು. ಓನರಮ್ಮನ ಉತ್ತರ ನೇರವಾಗಿ ಬಂತು: “ಚೆನ್ನಾಗಿದೆ ಸಾರ್. ಗೊಂಬೆ ಇನ್ನೂ ಸ್ವಲ್ಪ ದೊಡ್ಡದಾಗುತ್ತಾ?”