ಉಸಿರಿಗೆ ಕಿವಿಗೊಡು ತಂಗಿ

ದಣಪೆ ತೆಗೀಬೇಡ ತಂಗಿ, ನಿಂತಲ್ಲೇ ಹೇಳ್ತೇನೆ. ನಿನ್ನೆ ರಾತ್ರಿ ನಿಮ್ಮ ಪುಟ್ಟ ಕೆಮ್ಮಿದ್ದು ನಮ್ಮ ಹಿತ್ತಲಿಗೂ ಕೇಳ್ತು. ಥೇಟು ನಾಯಿ ಬೊಗಳಿದ ಹಾಗೆ. ಸಂಜೆ ಬರೀ ಶೀತ, ನಡುರಾತ್ರಿ ಆ ಕೆಮ್ಮು, ಬೆಳಗಾದರೆ ಮತ್ತೆ ಆಟ, ಅಲ್ವಾ? ಡಾಕ್ಟರು ಕ್ರೂಪ್ ಅನ್ನೋದು ಇದಕ್ಕೇ. ಆರು ತಿಂಗಳಿಂದ ಮೂರು ವರ್ಷದ ಮಕ್ಕಳಿಗೇ ಹೆಚ್ಚು. ವೈರಸ್ಸಿನಿಂದ ಧ್ವನಿಪೆಟ್ಟಿಗೆಯ ಕೆಳಗೆ ಬಾವು ಬರ್ತದೆ. ಮಕ್ಕಳ ಉಸಿರುನಾಳ ಮೊದಲೇ ಸಪೂರ, ಚೂರು ಊದಿದರೂ ಗಾಳಿಗೆ ಜಾಗ ಸಾಲೋದಿಲ್ಲ. ಆಂಟಿಬಯಾಟಿಕ್ ಇದಕ್ಕೆ ನಾಟೋದಿಲ್ಲ, ಹಳೇ ಬಾಟಲಿ ಹುಡುಕಬೇಡ.

ನಿಮ್ಮ ಅತ್ತೆ ಹಬೆ ಕೊಡು ಅಂದರಂತೆ. ಪ್ರೀತಿಯಿಂದಲೇ ಅಂದದ್ದು, ಆದರೆ ಬೇಡವೇ ಬೇಡ. ಹಬೆಗೆ ಈ ಬಾವು ಇಳೀತದೆ ಅನ್ನೋದಕ್ಕೆ ಆಧಾರವಿಲ್ಲ, ಮಗು ಒದ್ದಾಡಿ ಕುದಿನೀರು ಮೈಮೇಲೆ ಚೆಲ್ಲಿಕೊಂಡೀತು. ಮಡಿಲಲ್ಲಿ ನೆಟ್ಟಗೆ ಕೂರಿಸಿಕೋ, ಅಳಿಸಬೇಡ. ಅತ್ತಷ್ಟೂ ಉಸಿರು ಕಟ್ತದೆ. ಜಗಲಿಯ ತಂಪು ಗಾಳಿಗೆ ಕೂತರೆ ಕೆಲವು ಮಕ್ಕಳಿಗೆ ಹಗುರಾಗ್ತದೆ. ಗಂಟಲಿಗೆ ಬೆರಳು ಹಾಕಬೇಡ.

ಕೆಮ್ಮಿನ ಸದ್ದು ಎಷ್ಟೇ ದೊಡ್ಡದಿರಲಿ, ನೀನು ಉಸಿರನ್ನು ಕೇಳು. ಅಳದೆ ಸುಮ್ಮನಿದ್ದಾಗಲೂ ಉಸಿರು ಎಳೆಯುವಾಗ ಕೀರಲು ಸದ್ದು ಬಂದರೆ, ಪಕ್ಕೆಯೋ ಕತ್ತಿನ ಗುಳಿಯೋ ಒಳಗೆ ಸೆಳೆದರೆ, ಬೆಳಗಾಗಲಿ ಅಂತ ಕಾಯಬೇಡ. ತುಟಿ ನೀಲಿಯಾದರೆ, ಜೊಲ್ಲು ನುಂಗಲಾರದೆ ಸುರಿದರೆ, ಮಗು ಮಂಕಾದರೆ ಕೂಡಲೇ 108ಕ್ಕೆ ಫೋನ್ ಮಾಡು. ಅಂಕೋಲಾ ತಾಲೂಕು ಆಸ್ಪತ್ರೆ ಹತ್ತಿರ. ಕಾರವಾರದ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಅಲ್ಲಿಂದ ಸುಮಾರು 35 ಕಿಲೋಮೀಟರ್. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ನಮ್ಮ ಹೆದ್ದಾರಿ ದಿನಗಟ್ಟಲೆ ಮುಚ್ಚಿದ್ದನ್ನು ಕಂಡವರು ನಾವು. ಮಳೆಗಾಲದಲ್ಲಂತೂ ಬೇಗ ಹೊರಡೋದೇ ಸರಿ.

ಆಸ್ಪತ್ರೆಯಲ್ಲಿ ಹೆಚ್ಚಾಗಿ ಡೆಕ್ಸಾಮೆಥಾಸೋನ್ ಒಂದೇ ಡೋಸ್ ಕೊಡ್ತಾರೆ, ಕೆಲವು ತಾಸಿನಲ್ಲಿ ಬಾವು ಇಳೀತದೆ. ಜೋರಿದ್ದರೆ ನೆಬ್ಯುಲೈಜರಿನಲ್ಲಿ ಅಡ್ರಿನಲಿನ್ ಕೊಟ್ಟು ನಾಲ್ಕು ತಾಸು ಇಟ್ಟುಕೊಂಡು ನೋಡ್ತಾರೆ. ಸ್ಟೀರಾಯ್ಡ್ ಅಂತ ಹೆದರಿ ಬೇಡ ಅನ್ನಬೇಡ ಮಾರಾಯ್ತಿ.

ಹಾಂ, ಗಂಟಲಮಾರಿಯೂ ಹೀಗೇ ಉಸಿರು ಕಟ್ಟಿಸ್ತದೆ, ಅದು ಪ್ರಾಣ ತೆಗೆಯೋ ರೋಗ. 6, 10, 14 ವಾರದ ಚುಚ್ಚುಮದ್ದು, ಒಂದೂವರೆ ವರ್ಷದ ಬೂಸ್ಟರ್ ಎಲ್ಲ ಆಗಿದೆಯಾ ಅಂತ ಕಾರ್ಡು ತೆಗೆದು ನೋಡು. ಶೀತವೇ ಇಲ್ಲದೆ, ಆಡ್ತಾ ಇದ್ದ ಮಗು ಒಮ್ಮೆಲೇ ಕೆಮ್ಮಿ ಉಸಿರಿಗೆ ಒದ್ದಾಡಿದರೆ ಶೇಂಗಾ ಬೀಜವೋ ಮತ್ತೊಂದೋ ಉಸಿರುನಾಳದಲ್ಲಿ ಸಿಕ್ಕಿಕೊಂಡಿರಬಹುದು, ಆಗಲೂ ಓಡು.

ಈ ಕ್ರೂಪ್ ಕೆಮ್ಮು ಎರಡನೇ ರಾತ್ರಿ ಜೋರಾಗೋದುಂಟು. ಇವತ್ತು ಹಗಲೇ ಡಾಕ್ಟರಿಗೆ ತೋರಿಸಿಕೊಂಡು ಬಾ.